ಅರ್ಧ ಕಿಲೋ ಚೆರ್ರಿ, ಮೇಲೊಂದು ಹಿಡಿ ಕೊಸರು

ಟೊಮೇಟೊ ರಾಶಿಯತ್ತ ಚಾಚಿದ ನನ್ನ ಕೈಯನ್ನು ತಂಗಿ ಮೆಲ್ಲಗೆ ಹಿಡಿದುಕೊಂಡಳು. “ಅಕ್ಕ, ಇಲ್ಲಿ ಮುಟ್ಟಬಾರದು. ಏನು ಬೇಕೆಂದು ಹೇಳಿದರೆ ಅವರೇ ಆರಿಸಿ ಕೊಡುತ್ತಾರೆ.”

ಮ್ಯೂನಿಕ್‌ಗೆ ಬಂದಿಳಿದ ಮೂರನೆಯ ದಿನ ಅದು, ಜರ್ಮನಿಯಲ್ಲಿ ಜೂನ್ ತಿಂಗಳ ಮೊದಲ ವಾರ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಬದನೆಕಾಯಿಯನ್ನು ಅಂಗೈಯಲ್ಲಿ ತೂಗಿ ನೋಡಿ ಕೊಂಡವಳು ನಾನು. ಅದನ್ನು ಕಲಿಸಿದವಳು ಅಮ್ಮ. ಎಳೆಯದೋ ಬಲಿತದ್ದೋ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ ಎನ್ನುತ್ತಿದ್ದಳು. ಬೆರಳನ್ನೇ ಬೇಡವೆನ್ನುವ ಸಂತೆ ಎಂಥದ್ದು ಎಂದು ಆ ಗಳಿಗೆಯಲ್ಲಿ ಮನಸ್ಸು ಮುದುಡಿತು. ನನ್ನ ತಂಗಿ ಇಪ್ಪತ್ತೆರಡು ವರ್ಷಗಳಿಂದ ಬದುಕುತ್ತಿರುವುದು ಇಂಥ ಊರಿನಲ್ಲೇ ಎಂದುಕೊಂಡೆ.

ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿಕೊಂಡಿದ್ದ ನಾನು ನಿವೃತ್ತಳಾಗುವ ತನಕ ತಂಗಿಯ ಮನೆಗೆ ಹೋಗಿರಲಿಲ್ಲ. ಪ್ರತಿ ಬೇಸಿಗೆ ರಜೆಯಲ್ಲೂ ಏನಾದರೊಂದು ಅಡ್ಡ ಬರುತ್ತಿತ್ತು. ಅಮ್ಮ ಇರುವಷ್ಟು ದಿನ ಅವಳನ್ನು ಬಿಟ್ಟು ಹೊರಡುವ ಧೈರ್ಯವಿರಲಿಲ್ಲ. 2021ರ ಮೇ ತಿಂಗಳಲ್ಲಿ ಅಮ್ಮ ಹೋದಳು. ಕೊರೊನಾ ಎರಡನೆಯ ಅಲೆಯ ದಿನಗಳು, ತಂಗಿಗೆ ಬರಲಾಗಲಿಲ್ಲ. ಅವಳು ಅಮ್ಮನ ಮುಖವನ್ನು ಕೊನೆಯ ಸಲ ನೋಡಿದ್ದು ನಾನು ಎತ್ತಿ ಹಿಡಿದ ಮೊಬೈಲಿನಲ್ಲಿ. ಆ ದಿನ ನನ್ನ ಕೈ ನಡುಗುತ್ತಿತ್ತು, ಚಿತ್ರ ಸರಿಯಾಗಿ ಕಾಣಲಿಲ್ಲ. ಅದನ್ನು ನಾವಿಬ್ಬರೂ ಇಂದಿಗೂ ಮಾತಿನಲ್ಲಿ ಎತ್ತುವುದಿಲ್ಲ. ಈ ಸಲ ಹೊರಡುವಾಗ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿಗಳ ಜೊತೆ ಅಮ್ಮ ಮಾರುಕಟ್ಟೆಗೆ ಒಯ್ಯುತ್ತಿದ್ದ ವೈರ್ ಬುಟ್ಟಿಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡೆ. ನೀಲಿ, ಬಿಳಿ ಪ್ಲಾಸ್ಟಿಕ್ ವೈರಿನಲ್ಲಿ ಅವಳೇ ಹೆಣೆದದ್ದು. ಒಂದು ಹಿಡಿ ಸಡಿಲವಾಗಿದೆ, ಅಷ್ಟೆ.

ತಂಗಿಯ ಮನೆ ಇರುವುದು ಊರಿನ ಆಗ್ನೇಯಕ್ಕೆ, ಗೀಸಿಂಗ್ ಎಂಬ ಬಡಾವಣೆಯಲ್ಲಿ. ಅಲ್ಲಿಂದ ನೆಲದಡಿಯ ರೈಲು ಹಿಡಿದು ಜೆಂಡ್ಲಿಂಗರ್ ಟೋರ್ ಎಂಬ ಹಳೆಯ ಕೋಟೆಬಾಗಿಲಿನ ಬಳಿ ಇಳಿದು ಹತ್ತು ನಿಮಿಷ ನಡೆದರೆ ಸಿಗುವುದೇ ಈ ಸಂತೆ, ವಿಕ್ಟುವಾಲಿಯನ್‌ಮಾರ್ಕ್ಟ್. ಹೆಸರು ಉದ್ದವಾದರೂ ಅರ್ಥ ಸರಳ: ತಿನ್ನುವ ಪದಾರ್ಥಗಳ ಮಾರುಕಟ್ಟೆ. ಊರಿನ ಹಳೆಯ ಸಂತೆ ಸೇರುತ್ತಿದ್ದದ್ದು ಈಗ ಮಾರಿಯನ್‌ಪ್ಲಾಟ್ಸ್ ಎನ್ನುವ ಚೌಕದಲ್ಲಿ. ಅಲ್ಲಿ ಜಾಗ ಸಾಲದಾದಾಗ ಈ ಪ್ರಾಂತದ, ಅಂದರೆ ಬವೇರಿಯಾದ, ರಾಜ ಮೊದಲನೆಯ ಮ್ಯಾಕ್ಸ್ ಯೋಸೆಫ್ 1807ರಲ್ಲಿ ಆಜ್ಞೆ ಹೊರಡಿಸಿ ಸಂತೆಯನ್ನು ತುಸು ದಕ್ಷಿಣಕ್ಕೆ, ಪವಿತ್ರಾತ್ಮದ ಹೆಸರಿನ ಚರ್ಚಿನ ಪಕ್ಕಕ್ಕೆ ಸ್ಥಳಾಂತರಿಸಿದ. ಇಂದು ಸುಮಾರು 140 ಮಳಿಗೆಗಳಿವೆ. ಮೇಲೆ ದೊಡ್ಡ ಛಾವಣಿಯಿಲ್ಲ. ಹಸಿರು ಬಣ್ಣದ ಮರದ ಪುಟ್ಟ ಅಂಗಡಿಗಳು, ನಡುವೆ ಕುದುರೆ ಚೆಸ್ಟ್‌ನಟ್ ಮರಗಳ ನೆರಳು, ಆಕಾಶಕ್ಕೆ ಎದ್ದು ನಿಂತ ಮೇ ತಿಂಗಳ ಹಬ್ಬದ ನೀಲಿ ಬಿಳಿ ಪಟ್ಟಿಯ ಕಂಬ.

ಜೂನ್ ಅಲ್ಲಿ ಎಂಥ ತಿಂಗಳು! ಬಿಳಿ ಶತಾವರಿ ಮುಗಿಯುವ ಕಾಲ. ಜೂನ್ 24ರ ಸಂತ ಯೋಹಾನನ ಹಬ್ಬದ ನಂತರ ರೈತರು ಅದನ್ನು ಕೀಳುವುದಿಲ್ಲ. ಮುಂದಿನ ವರ್ಷಕ್ಕೆ ಗಿಡ ಚೇತರಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಕೋಲಿನಂತೆ ದಪ್ಪಗೆ, ದಂತದ ಬಣ್ಣದ ಆ ಶತಾವರಿಯನ್ನು ಒದ್ದೆ ಬಟ್ಟೆ ಹೊದಿಸಿ ಮಲಗಿಸಿದ್ದರು. ಪಕ್ಕದಲ್ಲಿ ಸ್ಟ್ರಾಬೆರಿ, ಕಪ್ಪಿಗೆ ತಿರುಗಿದ ಚೆರ್ರಿ, ಕಟ್ಟು ಕಟ್ಟಾಗಿ ಸಬ್ಬಸಿಗೆ. ಸಬ್ಬಸಿಗೆ ಕಂಡದ್ದೇ ತಡ ನನಗೆ ಅಕ್ಕಿರೊಟ್ಟಿ ನೆನಪಾಯಿತು. ಆ ರಾತ್ರಿ ಅದನ್ನೇ ಮಾಡಿದೆವು.

ತಂಗಿ ಹಣ್ಣಿನಂಗಡಿಯ ಮುಂದೆ ನಿಂತು “ಗ್ರ್ಯೂಸ್ ಗೋಟ್” ಎಂದಳು. ಬವೇರಿಯಾದಲ್ಲಿ ನಮಸ್ಕಾರಕ್ಕೆ ಅದೇ ಮಾತು. ದೇವರ ಹೆಸರು ಅದರೊಳಗೇ ಇದೆ. ಅಂಗಡಿಯ ಹೆಂಗಸಿಗೆ ಅರವತ್ತೈದು ದಾಟಿರಬಹುದು. ತಂಗಿಯ ಮುಖ ಕಂಡದ್ದೇ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದರು. ಏನೋ ಕೇಳಿದರು, ತಂಗಿ ಏನೋ ಹೇಳಿದಳು, ಇಬ್ಬರೂ ನನ್ನ ಕಡೆ ನೋಡಿದರು. “ನನ್ನ ಅಕ್ಕ ಎಂದು ಹೇಳಿದೆ. ‘ಕೊನೆಗೂ ಬಂದರಾ’ ಎಂದು ಕೇಳುತ್ತಿದ್ದಾರೆ.” ಆ ‘ಕೊನೆಗೂ’ ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು. ನಾನು ಬರದೆ ಉಳಿದ ಬೇಸಿಗೆಗಳ ಲೆಕ್ಕ ಏಳು ಸಾವಿರ ಕಿಲೋಮೀಟರ್‌ಗೆ ಸಮೀಪದ ದೂರದಲ್ಲಿ ಹಣ್ಣು ಮಾರುವ ಒಬ್ಬರಿಗೆ ಗೊತ್ತಿತ್ತು.

ಬುಟ್ಟಿಯನ್ನು ಅವರೇ ಕೇಳಿ ತೆಗೆದುಕೊಂಡು ತಿರುಗಿಸಿ ನೋಡಿದರು. ನೀಲಿ, ಬಿಳಿ ಬವೇರಿಯಾದ ಬಣ್ಣಗಳು; ಅದನ್ನೇ ಹೇಳುತ್ತಿದ್ದರಂತೆ. ತಂಗಿ ಅಮ್ಮ ಹೆಣೆದದ್ದು ಎಂದಿರಬೇಕು, ಅವರು ಸಡಿಲವಾದ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿ ಸುಮ್ಮನಾದರು. ಆಮೇಲೆ ಚೆರ್ರಿ ತೂಗಿದರು. ‘ಐನ್ ಪ್ಫುಂಟ್’ ಎಂದು ತಂಗಿ ಕೇಳಿದ್ದು. ಹೆಸರಿಗೆ ಪೌಂಡು, ಲೆಕ್ಕಕ್ಕೆ ಸರಿಯಾಗಿ 500 ಗ್ರಾಂ. ಮೆಟ್ರಿಕ್ ಬಂದು ಎಷ್ಟೋ ಕಾಲವಾದರೂ ಜರ್ಮನಿಯ ಸಂತೆಗಳಲ್ಲಿ ಹಳೆಯ ಹೆಸರು ಹೋಗಿಲ್ಲ. ನಮ್ಮ ಮನೆಗಳಲ್ಲಿ ಪಾವು, ಸೇರು, ಚಟಾಕು ಉಳಿದುಕೊಂಡಂತೆ. ಮುಳ್ಳು ನಿಂತ ಮೇಲೆ, ಬೆಲೆ ಹೇಳಿದ ಮೇಲೆ, ಒಂದು ಹಿಡಿ ಚೆರ್ರಿಯನ್ನು ಎತ್ತಿ ಚೀಲಕ್ಕೆ ಹಾಕಿದರು.

“ಕೊಸರು!” ಎಂದು ನಾನು ಗಟ್ಟಿಯಾಗಿಯೇ ಹೇಳಿಬಿಟ್ಟೆ.

ಆ ಮಾತು ಬಾಯಿಂದ ಬಂದಾಗ ತಂಗಿ ನನ್ನ ಕಡೆ ತಿರುಗಿದ ರೀತಿಯನ್ನು ಮರೆಯಲಾರೆ. ಎಷ್ಟೋ ವರ್ಷಗಳಿಂದ ಆ ಪದ ಅವಳ ಕಿವಿಗೆ ಬಿದ್ದಿರಲಿಲ್ಲ. ಕೊಸರು ಹಾಕದವನ ಅಂಗಡಿಗೆ ಎರಡನೆಯ ಸಲ ಹೋಗಬೇಡಿ ಎಂದು ಅಮ್ಮ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದಳು. ಜರ್ಮನ್‌ನಲ್ಲೂ ಅದಕ್ಕೊಂದು ಪದವಿದೆ, ಡ್ರೈನ್‌ಗಾಬೆ. ತೂಕಕ್ಕೆ ಮೇಲೆ ಸೇರಿಸಿ ಕೊಡುವುದು.

ಮುಟ್ಟಬಾರದೆಂಬ ಮಾತು ಮಾತ್ರ ನನ್ನೊಳಗೆ ಚುಚ್ಚುತ್ತಲೇ ಇತ್ತು. ಸಂಜೆ ಸಬ್ಬಸಿಗೆ ಹೆಚ್ಚುತ್ತಾ ತಂಗಿಯನ್ನು ಕೇಳಿದೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಕ್ಕಾಗಿಯೇ ಈ ಬರಹ ಎಂದರೂ ಸರಿ.

ಮದುವೆಯಾಗಿ ಬಂದ ಮೊದಲ ಚಳಿಗಾಲ. ಗಂಡ ಬೆಳಿಗ್ಗೆ ಕತ್ತಲೆಯಲ್ಲಿ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಭಾಷೆ ಬರದು. ಸೂಪರ್‌ಮಾರ್ಕೆಟ್‌ಗೆ ಹೋದರೆ ಎಲ್ಲವೂ ಪ್ಯಾಕೆಟ್ಟಿನಲ್ಲಿ, ಬೆಲೆ ಪರದೆಯ ಮೇಲೆ. ಬಾಯಿ ತೆರೆಯದೆ ಒಂದು ವಾರದ ಸಾಮಾನು ತರಬಹುದು. ಹಾಗೆಯೇ ತರುತ್ತಿದ್ದಳು. ಮನೆಯವರ ಹೊರತು ಬೇರೆ ಯಾರೊಡನೆಯೂ ಒಂದು ಮಾತನ್ನೂ ಆಡದೆ ವಾರಗಳು ಕಳೆದವು ಎಂದಳು. ಫೋನಿನಲ್ಲಿ ಮಾತ್ರ ಅಮ್ಮನಿಗೆ “ಎಲ್ಲ ಚೆನ್ನಾಗಿದೆ” ಎನ್ನುತ್ತಿದ್ದಳು. ಆ ಕರೆಗಳನ್ನು ಪಕ್ಕದಲ್ಲಿ ಕೂತು ಕೇಳಿದವಳು ನಾನು, ನಂಬಿದವಳೂ ನಾನು.

ಒಂದು ದಿನ ದಾರಿ ತಪ್ಪಿ ಈ ಸಂತೆಗೆ ಬಂದಳು. ಕಿತ್ತಳೆ ಕಂಡು ಕೈ ಹಾಕಿದಳು. ಅಂಗಡಿಯ ಹೆಂಗಸು ಬೇಡವೆಂದು ಕೈಯಾಡಿಸಿದರು. ಮುಟ್ಟುವಂತಿಲ್ಲವಾದ್ದರಿಂದ ಹೇಳಲೇಬೇಕಾಯಿತು. ಹೇಳಲು ಪದ ಗೊತ್ತಿರಲಿಲ್ಲ. ಬೆರಳು ತೋರಿಸಿದಳು, ಅವರು ಹೆಸರು ಹೇಳಿದರು. ಇವಳು ಮತ್ತೆ ಹೇಳಿದಳು, ಅವರು ತಿದ್ದಿದರು. ಎಷ್ಟು ಬೇಕು ಎಂದಾಗ ಬೆರಳೆಣಿಸಿ ತೋರಿಸಿದರೆ ಒಪ್ಪಲಿಲ್ಲ, ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿಸಿದರು. ಜರ್ಮನ್‌ನಲ್ಲಿ ಇಪ್ಪತ್ತೊಂದನ್ನು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಚಿಲ್ಲರೆ ಎಣಿಸುತ್ತಾ ಅದನ್ನು ಕಲಿಸಿದವರೂ ಅವರೇ. ಹಣ್ಣು ಇವತ್ತು ತಿನ್ನಲೋ ನಾಳೆಗೋ ಎಂದು ಕೇಳಿ ಅದಕ್ಕೆ ತಕ್ಕಂತೆ ಮಾಗಿದ್ದನ್ನು ಆರಿಸಿ ಕೊಡುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳಲು ನಾಳೆ ಎಂಬ ಪದ ಬೇಕು, ನಾಡಿದ್ದು ಎಂಬ ಪದ ಬೇಕು, ಮನೆಗೆ ಯಾರು ಬರುತ್ತಾರೆ ಎಂದು ಹೇಳಲು ಕ್ರಿಯಾಪದ ಬೇಕು. “ಅಕ್ಕ, ಅಲ್ಲಿ ಮುಟ್ಟಲು ಬಿಟ್ಟಿದ್ದರೆ ನನಗೆ ಈ ಭಾಷೆ ಬರುತ್ತಿರಲಿಲ್ಲ” ಎಂದಳು.

ನಾನು ಅವಮಾನವೆಂದುಕೊಂಡಿದ್ದ ನಿಯಮ ನನ್ನ ತಂಗಿಯ ನಾಲಿಗೆಯನ್ನು ಬಿಡಿಸಿತ್ತು. ಅವಳು ಈ ಊರಿನಲ್ಲಿ ನೆಲೆ ನಿಂತದ್ದು ಮನೆ ಕೊಂಡಾಗಲೂ ಅಲ್ಲ, ಪಾಸ್‌ಪೋರ್ಟಿನ ಬಣ್ಣ ಬದಲಾದಾಗಲೂ ಅಲ್ಲ. ಹಣ್ಣಿನಂಗಡಿಯವರು ಅವಳಿಗೆ ಮೊದಲ ಕೊಸರು ಹಾಕಿದ ದಿನ ಎಂದು ನನ್ನ ನಂಬಿಕೆ.

ಆಮೇಲೆ ವಾರಕ್ಕೆರಡು ಸಲ ಸಂತೆಗೆ ಹೋದೆವು. ಒಂದು ಶನಿವಾರ ಮಧ್ಯಾಹ್ನದ ಊಟವೇ ಅಲ್ಲಿ. ಸಂತೆಯ ನಡುವಿನ ಚೆಸ್ಟ್‌ನಟ್ ಮರಗಳ ಕೆಳಗೆ ಒಂದು ಬಿಯರ್ ತೋಟವಿದೆ. ಊರಿನ ಆರು ದೊಡ್ಡ ಬಿಯರ್ ಮನೆಗಳ ಬಿಯರನ್ನು ಸರದಿಯಂತೆ ಅಲ್ಲಿ ಬಡಿಸುತ್ತಾರೆ. ನನಗೆ ಬಿಯರಿನ ಬಗ್ಗೆ ಹೇಳಲು ಏನೂ ಇಲ್ಲ, ಆದರೆ ಆ ತೋಟದ ಕಾನೂನು ಬಹಳ ಹಿಡಿಸಿತು. ಕುಡಿಯುವುದನ್ನು ಅಲ್ಲೇ ಕೊಳ್ಳಬೇಕು, ತಿನ್ನುವುದನ್ನು ಮನೆಯಿಂದ ತಂದುಕೊಂಡು ತಿನ್ನಬಹುದು. ಸಂತೆಯನ್ನು ಸ್ಥಳಾಂತರಿಸಿದ ಅದೇ ರಾಜ 1812ರಲ್ಲಿ, ಬಿಯರ್ ಮಾಡುವವರು ತಮ್ಮ ನೆಲಮಾಳಿಗೆಯ ಬಳಿ ಬಿಯರ್ ಮಾರಬಹುದು, ಆದರೆ ಬ್ರೆಡ್ಡಿನ ಹೊರತು ಬೇರೆ ಊಟ ಮಾರಕೂಡದು ಎಂದು ಆಜ್ಞೆ ಮಾಡಿದ್ದನಂತೆ. ಊಟದ ಮನೆಗಳವರ ದೂರಿಗೆ ಅವನು ಕಂಡುಕೊಂಡ ಪರಿಹಾರ ಅದು. ಇನ್ನೂರು ವರ್ಷಗಳ ನಂತರ ಅದರ ಫಲವಾಗಿ ನಾವು ಮೂವರು ಉದ್ದನೆಯ ಮರದ ಬೆಂಚಿನ ಮೇಲೆ ಕುಳಿತು ಸ್ಟೀಲ್ ಡಬ್ಬಿ ತೆರೆದು ಚಿತ್ರಾನ್ನ, ಮೊಸರನ್ನ ತಿಂದೆವು. ಎದುರಿಗೆ ಅಪರಿಚಿತ ದಂಪತಿ. ಅವರ ತಟ್ಟೆಯಲ್ಲಿ ಸುರುಳಿ ಸುರುಳಿಯಾಗಿ ಕೊಯ್ದ ಬಿಳಿ ಮೂಲಂಗಿ, ಮೇಲೆ ಉಪ್ಪು. ಉಪ್ಪು ಹಾಕಿದ ಮೂಲಂಗಿಯನ್ನು ತಕ್ಷಣ ತಿನ್ನಬಾರದು, ಅದು ಅಳುವ ತನಕ ಕಾಯಬೇಕು ಎಂದು ಬವೇರಿಯಾದವರ ಮಾತು; ನೀರು ಬಿಡುವುದಕ್ಕೆ ಅಳು ಎನ್ನುತ್ತಾರೆ. ಮೂಲಂಗಿ ಕೋಸಂಬರಿಗೆ ಉಪ್ಪು ಹಾಕಿ ನೀರು ಬಿಡಲು ಅಮ್ಮ ಬದಿಗಿಡುತ್ತಿದ್ದದ್ದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು. ಅವರು ಎರಡು ಸುರುಳಿ ನಮ್ಮ ಕಡೆ ಸರಿಸಿದರು. ನಾವು ಚಿತ್ರಾನ್ನ ಕೊಟ್ಟೆವು.

ತಂಗಿಯ ಮಗಳಿಗೆ ಹದಿಮೂರು. ಹುಟ್ಟಿ ಬೆಳೆದದ್ದು ಅಲ್ಲೇ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ, ‘ಳ’ಕಾರ ಒಂದು ಬರುವುದಿಲ್ಲ, ಬಾಳೆಹಣ್ಣು ಅವಳ ಬಾಯಲ್ಲಿ ‘ಬಾಲೆಹಣ್ಣು’. ಬವೇರಿಯಾದ ಮಕ್ಕಳು ಹೊರಗಿನವರನ್ನು ಪರೀಕ್ಷಿಸಲು ಒಂದು ಪದ ಇಟ್ಟುಕೊಂಡಿದ್ದಾರೆ: ‘ಓಅಖ್‌ಕಾಟ್ಸ್‌ಲ್‌ಷ್ವೋಅಫ್’, ಅಳಿಲಿನ ಬಾಲ ಎಂದು ಅರ್ಥ. ಅವಳು ಅದನ್ನು ಸಲೀಸಾಗಿ ಹೇಳಿ ನನ್ನಿಂದಲೂ ಹೇಳಿಸಿದಳು. ಅದಕ್ಕೆ ಬದಲಾಗಿ ನಾನು ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ’ ಕಲಿಸಿದೆ. ಊರಿಡೀ ಅದನ್ನೇ ಹೇಳಿಕೊಂಡು ತಿರುಗಿದೆವು.

ನೋಡಲೇಬೇಕಾದ ಜಾಗಗಳನ್ನು ನೋಡಿದೆವು. ನೊಯ್ಶ್ವಾನ್‌ಸ್ಟೈನ್ ಅರಮನೆಗೆ ಒಂದು ದಿನ ಹೋಗಿ ಬಂದೆವು. ಅದರ ಬಗ್ಗೆ ಬರೆದವರು ಬಹಳ, ನಾನು ಸೇರಿಸುವಂಥದ್ದು ಏನಿಲ್ಲ. ಮಾರಿಯನ್‌ಪ್ಲಾಟ್ಸ್ ಮಾತ್ರ ಮತ್ತೆ ಮತ್ತೆ ಎಳೆಯಿತು. ಅಲ್ಲಿ 1638ರಲ್ಲಿ ನಿಲ್ಲಿಸಿದ ಮೇರಿ ಮಾತೆಯ ಕಂಬವಿದೆ. ಅದರ ಬುಡದ ನಾಲ್ಕು ಮೂಲೆಗಳಲ್ಲಿ ನಾಲ್ಕು ಪುಟ್ಟ ದೇವಕುಮಾರರು ನಾಲ್ಕು ಪ್ರಾಣಿಗಳ ಜೊತೆ ಹೋರಾಡುತ್ತಿದ್ದಾರೆ. ಸಿಂಹ ಎಂದರೆ ಯುದ್ಧ, ಡ್ರ್ಯಾಗನ್ ಎಂದರೆ ಹಸಿವು, ಹಾವು ಎಂದರೆ ಧರ್ಮದ್ರೋಹ, ಬ್ಯಾಸಿಲಿಸ್ಕ್ ಎಂಬ ಕಲ್ಪನೆಯ ಜೀವಿ ಎಂದರೆ ಪ್ಲೇಗು. ಎದುರಿನ ಹೊಸ ಪುರಭವನದ ಗೋಪುರದಲ್ಲಿ 43 ಗಂಟೆಗಳು, 32 ಬೊಂಬೆಗಳು. ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಬೇಸಿಗೆಯಲ್ಲಿ ಸಂಜೆ ಐದಕ್ಕೂ ಆ ಬೊಂಬೆಗಳು ಕುಣಿಯುತ್ತವೆ. ಮೇಲಿನ ಅಂತಸ್ತಿನಲ್ಲಿ 1568ರ ರಾಜವಿವಾಹ. ನನ್ನ ಕಣ್ಣು ನೆಟ್ಟದ್ದು ಕೆಳಗಿನ ಅಂತಸ್ತಿನ ಮೇಲೆ. ಅಲ್ಲಿ ಕುಣಿಯುವವರು ಪೀಪಾಯಿ ಮಾಡುವ ಕುಶಲಕರ್ಮಿಗಳು. 1517ರಲ್ಲಿ ಪ್ಲೇಗು ಇಳಿದ ಮೇಲೂ ಜನ ಹೆದರಿ ಮನೆಯಿಂದ ಹೊರಗೆ ಬರಲಿಲ್ಲ, ಆಗ ಇವರು ಬೀದಿಯಲ್ಲಿ ಕುಣಿದು ಜನರನ್ನು ಹೊರಗೆ ಕರೆದರು ಎಂದು ಐತಿಹ್ಯ. ಏಳು ವರ್ಷಕ್ಕೊಮ್ಮೆ ಆ ಕುಣಿತ ನಿಜವಾದ ಬೀದಿಗಳಲ್ಲಿ ಇಂದಿಗೂ ನಡೆಯುತ್ತದೆ. 1898ರಲ್ಲಿ ನಮ್ಮ ಕಡೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಅಜ್ಜಿ ತನ್ನ ಅತ್ತೆಯಿಂದ ಕೇಳಿ ನಮಗೆ ಹೇಳಿದ್ದಳು. ಊರಿಗೆ ಮೊದಲು ವಾಪಸಾದವರು ಯಾರು ಎಂದು ಯಾರೂ ಹೇಳಲಿಲ್ಲ. ನಮ್ಮಲ್ಲೂ ಯಾರೋ ಒಬ್ಬರು ಮೊದಲ ಬಾಗಿಲು ತೆರೆದಿರಬೇಕಲ್ಲ.

ಸಂತೆಗೂ ಚೌಕಕ್ಕೂ ನಡುವೆ ಸಂತ ಪೀಟರನ ಚರ್ಚಿದೆ. ಊರಿನವರು ಅಕ್ಕರೆಯಿಂದ ‘ಆಲ್ಟರ್ ಪೇಟರ್’, ಮುದುಕ ಪೀಟರ್ ಎನ್ನುತ್ತಾರೆ. ಗೋಪುರಕ್ಕೆ 306 ಮೆಟ್ಟಿಲು. ನಿಂತು ನಿಂತು ಹತ್ತಿದೆ. ಮೇಲಿನಿಂದ ಸಂತೆಯ ಮರಗಳ ಹಸಿರು ಕಾಣುತ್ತದೆ, ಫ್ರೌವೆನ್‌ಕಿರ್ಶೆ ಎಂಬ ದೊಡ್ಡ ಚರ್ಚಿನ ಈರುಳ್ಳಿ ಗುಮ್ಮಟದ ಜೋಡಿ ಗೋಪುರಗಳು ಕಾಣುತ್ತವೆ. ಆ ಗೋಪುರಗಳ ಎತ್ತರ ನೂರು ಮೀಟರಿಗೆ ತುಸು ಕಡಿಮೆ. ಅದನ್ನು ಮೀರಿಸುವ ಕಟ್ಟಡ ಊರಿನಲ್ಲಿ ಬರಬಾರದೆಂದು 2004ರಲ್ಲಿ ನಾಗರಿಕರು ಮತ ಹಾಕಿ, ಬಹಳ ಕಡಿಮೆ ಅಂತರದಲ್ಲಿ, ಗೆದ್ದರು.

ಮುದುಕ ಪೀಟರನ ಗೋಪುರ ನಾನು ಹತ್ತಿದ ಸ್ಥಿತಿಯಲ್ಲಿ ಇರಲೇಬೇಕಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಚರ್ಚು ಪಾಳುಬಿತ್ತು, ಉಳಿದದ್ದನ್ನು ಕೆಡವಿಬಿಡುವ ಮಾತೂ ಇತ್ತು. ಮುದುಕ ಪೀಟರ್ ನಿಂತಿರುವ ತನಕ ಈ ಊರಿನ ನೆಮ್ಮದಿಗೆ ಕೊನೆಯಿಲ್ಲ ಎಂಬ ಅರ್ಥದ ಹಳೆಯ ಹಾಡೊಂದು ಮ್ಯೂನಿಕ್‌ನವರ ಬಾಯಲ್ಲಿದೆ. ಬವೇರಿಯಾದ ರೇಡಿಯೊ ಕಾರ್ಯಕ್ರಮಗಳ ನಡುವೆ ಆ ಹಾಡಿನ ಧಾಟಿ ನುಡಿಸುತ್ತಿತ್ತು, ಕೊನೆಯ ಸ್ವರವೊಂದನ್ನು ಬಿಟ್ಟು. ಗೋಪುರವಿಲ್ಲದೆ ಹಾಡು ಪೂರ್ತಿಯಾಗುವುದು ಹೇಗೆ? ಜನ ದುಡ್ಡು ಕೂಡಿಸಿದರು, ಗೋಪುರ ಎದ್ದಿತು, 1951ರಲ್ಲಿ ರೇಡಿಯೊ ಆ ಕೊನೆಯ ಸ್ವರವನ್ನು ನುಡಿಸಿತು. ತಂಗಿ ಮೇಲೆ ನಿಂತು ಈ ಕಥೆ ಹೇಳುವಾಗ ಅವಳ ಮಗಳು ಧಾಟಿಯನ್ನು ಗುನುಗಿದಳು. ಕೊನೆಯ ಸ್ವರ ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ.

ಸಂತೆಯೂ ಹಾಗೆಯೇ ಬಾಂಬಿಗೆ ಹಾಳಾದದ್ದು. ಊರಿನ ನಟ್ಟನಡುವಿನ ಬೆಲೆಬಾಳುವ ನೆಲ. ಸಂತೆ ಮುಚ್ಚಿ ಬಹುಮಹಡಿ ಕಟ್ಟಡ ಕಟ್ಟುವ ಯೋಚನೆ ಯುದ್ಧದ ನಂತರ ಬಂದಿತ್ತು. ನಗರಾಡಳಿತ ಕೊನೆಗೆ ಹಣ ಸುರಿದು ಸಂತೆಯನ್ನೇ ಉಳಿಸಿತು. ಜನ ಅಲ್ಲಿಗೆ ಇನ್ನೊಂದನ್ನು ಸೇರಿಸಿದರು: ತಮ್ಮನ್ನು ನಗಿಸಿದ ಕಲಾವಿದರ ಹೆಸರಿನ ಕಾರಂಜಿಗಳು. ಕಾರ್ಲ್ ವಾಲೆಂಟಿನ್ ಎಂಬ ಹಾಸ್ಯನಟನದು, ಅವನ ಜೊತೆ ನಟಿಸುತ್ತಿದ್ದ ಲೀಸ್ಲ್ ಕಾರ್ಲ್‌ಷ್ಟಾಟ್‌ಳದು, ಹೀಗೆ ಆರು. ವಾಲೆಂಟಿನ್‌ನ ಕಂಚಿನ ಕೈಯಲ್ಲಿ ನಾನು ಹೋದಾಗಲೆಲ್ಲ ತಾಜಾ ಹೂವಿತ್ತು. ರಾಜರಿಗೂ ಸೇನಾಪತಿಗಳಿಗೂ ಪ್ರತಿಮೆಗಳು ಎಲ್ಲ ಊರಿನಲ್ಲೂ ಇವೆ. ತರಕಾರಿ ಅಂಗಡಿಗಳ ನಡುವೆ ನಗಿಸಿದವರ ಪ್ರತಿಮೆ ನಾನು ಕಂಡದ್ದು ಇಲ್ಲೇ. ನಮ್ಮ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮಾಸ್ಟರ್ ಹಿರಣ್ಣಯ್ಯನವರದೊಂದು ಪ್ರತಿಮೆ ಇದ್ದಿದ್ದರೆ, ಮಲ್ಲಿಗೆ ಕಟ್ಟುವ ಹೆಂಗಸರು ದಿನವೂ ಅವರಿಗೊಂದು ಮೊಳ ಇಡದೆ ಇರುತ್ತಿದ್ದರೇ?

ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ, ದಸರೆಗೆ ಇನ್ನೇನು ತಯಾರಿ ನಡೆಯಬೇಕೆನ್ನುವಾಗ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. ಅಂದಿನಿಂದ ಕೆಡವಬೇಕೋ ಉಳಿಸಬೇಕೋ ಎಂಬ ವಾದ ತಜ್ಞರಿಂದ ನ್ಯಾಯಾಲಯದ ತನಕ ಅಲೆದಿದೆ. ಕಟ್ಟಡ ಹಳೆಯದು, ಅಪಾಯ ನಿಜ, ವ್ಯಾಪಾರಿಗಳ ಭಯವೂ ನಿಜ. ನನಗೆ ಸಿಟ್ಟು ಬರುವುದು ‘ಹಳೆಯದನ್ನು ಉಳಿಸಲಾಗದು’ ಎಂದು ಮೊದಲ ವಾಕ್ಯದಲ್ಲೇ ತೀರ್ಮಾನಿಸಿಬಿಡುವವರ ಮೇಲೆ. ಬಾಂಬು ಬಿದ್ದು ಬೂದಿಯಾದದ್ದನ್ನು ಎತ್ತಿ ನಿಲ್ಲಿಸಬಹುದಾದರೆ, ಮಳೆಗೆ ಬಿರುಕು ಬಿಟ್ಟದ್ದನ್ನು ಆಗದೇ?

ಗೀಸಿಂಗ್‌ನಲ್ಲೇ, ತಂಗಿಯ ಮನೆಯಿಂದ ಸ್ವಲ್ಪ ದೂರದಲ್ಲಿ, ಈ ಪ್ರಶ್ನೆಗೆ ಇನ್ನೊಂದು ಉತ್ತರ ಕಂಡೆ. ಹತ್ತೊಂಬತ್ತನೆಯ ಶತಮಾನದ ಒಂದು ಪುಟ್ಟ ಮನೆ ಅಲ್ಲಿತ್ತು, ‘ಗಡಿಯಾರದವನ ಗುಡಿಸಲು’ ಎಂದು ಹೆಸರು. ಸಂರಕ್ಷಿತ ಕಟ್ಟಡ. 2017ರ ಸೆಪ್ಟೆಂಬರ್ 1ರಂದು ಜೆಸಿಬಿ ತಂದು ಅಕ್ರಮವಾಗಿ ಅದನ್ನು ಕೆಡವಲಾಯಿತು. ನೆರೆಹೊರೆಯವರು ಬೀದಿಗಿಳಿದರು. ಅದೇ ಆಕಾರದಲ್ಲಿ ಮತ್ತೆ ಕಟ್ಟಿಕೊಡಬೇಕೆಂದು ನಗರಾಡಳಿತ ಆದೇಶಿಸಿತು, 2023ರಲ್ಲಿ ಬವೇರಿಯಾದ ಉಚ್ಚ ಆಡಳಿತ ನ್ಯಾಯಾಲಯ ಆ ಆದೇಶವನ್ನು ಎತ್ತಿ ಹಿಡಿಯಿತು. ಅರಮನೆಯಲ್ಲ, ಚರ್ಚಲ್ಲ, ಒಬ್ಬ ಗಡಿಯಾರ ರಿಪೇರಿಯವನ ಮನೆ! ಆ ಬೀದಿಯ ತುದಿಯಲ್ಲಿ ನಿಂತು ನಾನು ನಮ್ಮ ಅಗ್ರಹಾರದ ಎಷ್ಟು ಜಗಲಿಗಳು, ಕಂಬಗಳು ಸದ್ದಿಲ್ಲದೆ ಹೋದವು ಎಂದು ಎಣಿಸಲು ಹೊರಟು ಬಿಟ್ಟುಕೊಟ್ಟೆ.

ಊರೆಲ್ಲ ಹೀಗೆ ಚಂದವೆಂದು ಹೇಳುತ್ತಿಲ್ಲ. ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ವಯಸ್ಸಾದವರು ಕಸದ ಡಬ್ಬಿಗಳಲ್ಲಿ ಖಾಲಿ ಬಾಟಲಿ ಹುಡುಕುತ್ತಾರೆ, ಹಿಂದಿರುಗಿಸಿದರೆ ಸಿಗುವ ಠೇವಣಿಯ ಚಿಲ್ಲರೆಗಾಗಿ. ಅವರಿಗೆ ಕೈಹಾಕುವ ಕಷ್ಟ ಬೇಡವೆಂದು ಕೆಲವರು ಬಾಟಲಿಯನ್ನು ಡಬ್ಬಿಯ ಹೊರಗೆ ಇಟ್ಟು ಹೋಗುತ್ತಾರೆ. ತಂಗಿಯ ಮಗಳೂ ಹಾಗೆಯೇ ಇಡುತ್ತಾಳೆ. ಈ ಊರಿನ ನೆನಪಿನಲ್ಲಿ ಕತ್ತಲೆಯೂ ಇದೆ. ಸಂತೆಯಿಂದ ಕೂಗಳತೆಯಲ್ಲಿರುವ ಹಳೆಯ ಪುರಭವನದಲ್ಲಿ 1938ರ ನವೆಂಬರ್ 9ರ ರಾತ್ರಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಮಾಡಿದ ಭಾಷಣದಿಂದಲೇ ದೇಶದಾದ್ಯಂತ ಯಹೂದಿಗಳ ಮೇಲಿನ ದಾಳಿ ಶುರುವಾದದ್ದು. ಅದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಎಷ್ಟು ವರ್ಷ ಪಾಠ ಮಾಡಿಲ್ಲ! ಆ ಕಟ್ಟಡ ಹೂವು ಮಾರುವವರಿಗೆ ಇಷ್ಟು ಹತ್ತಿರ ಇದೆಯೆಂದು ಪುಸ್ತಕದಲ್ಲಿರಲಿಲ್ಲ. 2006ರಲ್ಲಿ, ಅದೇ ನವೆಂಬರ್ 9ರಂದು, ಸಂತೆಯ ಇನ್ನೊಂದು ಬದಿಯಲ್ಲಿ ಯಹೂದಿಗಳ ಹೊಸ ಪ್ರಾರ್ಥನಾ ಮಂದಿರ, ಸಿನಗಾಗ್, ತೆರೆದಿದ್ದಾರೆ.

ವಿಶ್ವವಿದ್ಯಾಲಯದ ಮುಂದೆ ನೆಲದ ಮೇಲೆ ಕೆಲವು ಕಾಗದಗಳು ಚೆಲ್ಲಿದ್ದವು. ಬಗ್ಗಿ ಎತ್ತಲು ಹೋದೆ. ಕಾಗದವಲ್ಲ, ನೆಲದೊಳಗೆ ಕೂರಿಸಿದ ಬಿಲ್ಲೆಗಳು. ಹಾನ್ಸ್ ಶೋಲ್, ಅವನ ತಂಗಿ ಸೋಫೀ ಶೋಲ್ ಮತ್ತು ಗೆಳೆಯರ ‘ಬಿಳಿ ಗುಲಾಬಿ’ ಗುಂಪು ಹಿಟ್ಲರನ ವಿರುದ್ಧ ಹಂಚಿದ ಕರಪತ್ರಗಳ ನೆನಪು. 1943ರ ಫೆಬ್ರವರಿ 18ರಂದು ಆ ಕಟ್ಟಡದೊಳಗೆ ಕರಪತ್ರ ಹಂಚುವಾಗ ಅಣ್ಣತಂಗಿ ಸಿಕ್ಕಿಬಿದ್ದರು. ನಾಲ್ಕೇ ದಿನಕ್ಕೆ, 22ರಂದು, ಶಿರಚ್ಛೇದ. ಸೋಫೀಗೆ 21 ವರ್ಷ. ಅವರನ್ನು ಕೊಂದ ಸೆರೆಮನೆಯೂ, ಅವರನ್ನು ಹೂಳಿದ ಸ್ಮಶಾನವೂ ಗೀಸಿಂಗ್‌ನ ಕಡೆಯಲ್ಲೇ ಇವೆ. ತಂಗಿ ಸಂಜೆ ನಡೆಯಲು ಹೋಗುವ ದಾರಿ ಅದು. ಒಂದು ಸಂಜೆ ಸಂತೆಯಿಂದ ಪಿಯೊನಿ ಹೂಗಳನ್ನು ತಂದು ಅಮ್ಮನ ಬುಟ್ಟಿಯಲ್ಲಿಟ್ಟುಕೊಂಡು ಹೋದೆವು. ಮರಗಳ ಕೆಳಗೆ ಕಪ್ಪು ಶಿಲುಬೆಗಳು, ಅಲಂಕಾರವಿಲ್ಲ. ರಾತ್ರಿ ಒಂಬತ್ತಾದರೂ ಬೆಳಕಿತ್ತು. ಹೂವಿಟ್ಟ ಮೇಲೆ ತಂಗಿ ಎದ್ದು ನಿಲ್ಲಲಿಲ್ಲ. ಬಹಳ ಹೊತ್ತು ಕುಳಿತೇ ಇದ್ದಳು. ಅವಳು ಯಾರಿಗಾಗಿ ಅಳುತ್ತಿದ್ದಾಳೆಂದು ನಾನು ಕೇಳಲಿಲ್ಲ. ಅವಳಿಗೆ ಹೂವಿಡಲು ಸಿಗದೇ ಹೋದ ಕಾಲುಗಳು ಮೈಸೂರಿನಲ್ಲಿದ್ದವು. ಬುಟ್ಟಿಯನ್ನು ಅವಳ ತೊಡೆಯ ಮೇಲಿಟ್ಟೆ. ಅದು ಅಲ್ಲೇ ಉಳಿಯುತ್ತದೆ ಎಂದು ಆಗಲೇ ತೀರ್ಮಾನವಾಯಿತು.

ಹೊರಡುವ ಹಿಂದಿನ ದಿನ ತಂಗಿಗೆ ಕಚೇರಿ. ನಾನು, ಅವಳ ಮಗಳು ಇಬ್ಬರೇ ಸಂತೆಗೆ ಹೋದೆವು. ದಾರಿಯುದ್ದಕ್ಕೂ ನಾನು ಎರಡು ವಾಕ್ಯ ಅಭ್ಯಾಸ ಮಾಡಿಕೊಂಡೆ. ಹಣ್ಣಿನಂಗಡಿಯ ಮುಂದೆ ಅವಳು ಬೇಕೆಂದೇ ಹಿಂದೆ ಸರಿದು ನಿಂತಳು. ನಾನು ಕೈಗಳನ್ನು ಬುಟ್ಟಿಯ ಹಿಡಿಯ ಮೇಲಿಟ್ಟುಕೊಂಡು “ಗ್ರ್ಯೂಸ್ ಗೋಟ್” ಎಂದೆ, ಆಮೇಲೆ “ಐನ್ ಪ್ಫುಂಟ್ ಕಿರ್ಷನ್, ಬಿಟೆ” ಎಂದೆ. ಅವರು ‘ಕಿರ್ಷನ್’ ಎಂಬುದನ್ನು ನಿಧಾನವಾಗಿ ತಿದ್ದಿ ಹೇಳಿದರು. ನಾನು ಮತ್ತೆ ಹೇಳಿದೆ. ಇವತ್ತಿಗೋ ನಾಳೆಗೋ ಎಂದು ಕೇಳಿದರು. ನಾಳೆ ಎಂಬ ಪದ ಗೊತ್ತಿತ್ತು, “ಮೋರ್ಗೆನ್” ಎಂದೆ. ವಿಮಾನದಲ್ಲಿ ತಿನ್ನಲು ಎಂದು ಹೇಳುವಷ್ಟು ಬರಲಿಲ್ಲ. ತೂಗಿದರು. ದುಡ್ಡು ಎಣಿಸಿ ಕೊಟ್ಟೆ. ನಂತರ ಅವರು ರಾಶಿಯಿಂದ ಒಂದು ಹಿಡಿ ಎತ್ತಿ, ನನ್ನ ಮುಖ ನೋಡುತ್ತಾ, ಚೀಲದ ಮೇಲೆ ಹಾಕಿದರು.

“ದೊಡ್ಡಮ್ಮ, ಕೊಸರು!” ಎಂದು ಹುಡುಗಿ ಹಿಂದಿನಿಂದ ಕೂಗಿದಳು.

ಕಾರಂಜಿಯ ಕಟ್ಟೆಯ ಮೇಲೆ ಕುಳಿತು, ಮೇಲೆ ಬಿದ್ದ ಆ ಹಿಡಿಯನ್ನು ಅವಳು ಅಂಗೈಯಲ್ಲಿ ಹರಡಿ ಎಣಿಸಿದಳು. “ಐದು, ಆರು, ಏಲು.”

ನಾನು ತಿದ್ದಲಿಲ್ಲ.